ಮನೆಯೊಳಗಿನ ಬೀಗತನ

ಕುಸನೂರ ಮತ್ತು ಸುತ್ತಲಿನ ಊರುಗಳಲ್ಲಿ ನಾನು ಆರೋಗ್ಯ ಸಹಾಯಕಿಯಾಗಿದ್ದಾಗ ಬಸುರಿಯರ ತಾಯಿ ಕಾರ್ಡು ತುಂಬುವ ಕೆಲಸ ನನ್ನ ಪಾಲಿಗಿತ್ತು. ಹೆಸರು, ವಯಸ್ಸು, ಎಷ್ಟನೇ ಬಸುರು ಎಂದೆಲ್ಲ ಬರೆದಾದ ಮೇಲೆ ನಾನಾಗಿಯೇ ಒಂದು ಮಾತು ಕೇಳುತ್ತಿದ್ದೆ: ಗಂಡ ಮೊದಲೇ ಸಂಬಂಧಿಕನೇನು? "ಹೌದ್ರಿ ಸಿಸ್ಟರ್, ನಮ್ಮ ಸೋದರಮಾವನೇ" ಎಂದು ಹೇಳುವಾಗ ಯಾರ ಮುಖದಲ್ಲೂ ಅಳುಕು ಕಂಡಿದ್ದಿಲ್ಲ. ಅಳುಕು ಇರುತ್ತಿದ್ದದ್ದು ಆಮೇಲೆ ಅವರು ನನಗೆ ಕೇಳುತ್ತಿದ್ದ ಪ್ರಶ್ನೆಗಳಲ್ಲಿ. "ಸಂಬಂಧದಾಗ ಮಾಡಿದ್ರ ಮಕ್ಕಳು ಮೂಕ ಹುಟ್ತಾವಂತ, ಖರೇ ಏನ್ರಿ?" "ನಮ್ಮ ಅಪ್ಪಗ ಸಕ್ಕರಿ ರೋಗ ಇತ್ತು, ನನಗೂ ಬರ್ತದೇನು?" ಜತೆಗೆ ಬಂದ ಅತ್ತೆಯದು ಪ್ರಶ್ನೆಗಿಂತ ವಾದವೇ: "ನಮ್ಮ ಮುತ್ಯಾ ಅಕ್ಕನ ಮಗಳನ್ನ ಮಾಡಿಕೊಂಡಿದ್ದ. ಎಲ್ಲಾ ಮಕ್ಕಳೂ ಗಟ್ಟಿಮುಟ್ಟ ಅವ. ಅದಕ್ಕೇನಂತೀರಿ?"

ಆ ಅತ್ತೆಯ ವಾದಕ್ಕೆ ನಮ್ಮ ನೆಲದಲ್ಲೇ ಸಾವಿರ ವರ್ಷದ ಸಾಕ್ಷಿ ಇದೆ. ಕಲಬುರಗಿಯಿಂದ ಸೇಡಂ ದಾರಿ ಹಿಡಿದರೆ ಮಳಖೇಡ ಸಿಗುತ್ತದೆ. ರಾಷ್ಟ್ರಕೂಟರ ರಾಜಧಾನಿ ಮಾನ್ಯಖೇಟ ಅದೇ. ಅಲ್ಲಿ ಆಳಿದ ಇಮ್ಮಡಿ ಕೃಷ್ಣ ಚೇದಿಯ ಕಲಚೂರಿ ದೊರೆ ಕೊಕ್ಕಲ್ಲನ ಮಗಳನ್ನು ಮದುವೆಯಾದ. ಅವನ ಮಗ ಜಗತ್ತುಂಗ ತನ್ನ ಸೋದರಮಾವ ರಣವಿಗ್ರಹನ ಮಗಳು ಲಕ್ಷ್ಮಿಯನ್ನು ತಂದುಕೊಂಡ. ಅವರಿಗೆ ಹುಟ್ಟಿದವನೇ ಮುಮ್ಮಡಿ ಇಂದ್ರ. ಅವನಿಗೂ ಅದೇ ಕೊಕ್ಕಲ್ಲನ ವಂಶದ ವಿಜಾಂಬೆಯನ್ನೇ ತಂದರು. ಮೂರು ತಲೆಮಾರು ಒಂದೇ ಮನೆಯ ಹೆಣ್ಣು. ಹೀಗೆ ಹುಟ್ಟಿದ ಇಂದ್ರ ಉತ್ತರಕ್ಕೆ ದಂಡೆತ್ತಿ ಹೋಗಿ ಕನೌಜನ್ನೇ ಗೆದ್ದವನು. 973ರಲ್ಲಿ ಚಾಲುಕ್ಯರ ತೈಲಪ ಈ ಮನೆತನವನ್ನು ಕೆಡವಿದ್ದು ಕತ್ತಿಯಿಂದ. ಅದಕ್ಕೂ ಬೀಗತನಕ್ಕೂ ಸಂಬಂಧ ಹಚ್ಚುವಂತಿಲ್ಲ.

ರಾಷ್ಟ್ರಕೂಟರಿಗಿಂತ ಎಷ್ಟೋ ಶತಮಾನ ಮೊದಲೇ ಬೌಧಾಯನ ಧರ್ಮಸೂತ್ರ ದಕ್ಷಿಣದವರ ವಿಶೇಷ ಆಚಾರಗಳ ಪಟ್ಟಿ ಕೊಡುವಾಗ ಸೋದರಮಾವನ ಮಗಳನ್ನೂ ಸೋದರತ್ತೆಯ ಮಗಳನ್ನೂ ಮದುವೆಯಾಗುವುದನ್ನು ಸೇರಿಸಿತ್ತು. ಉತ್ತರದ ಪಂಡಿತರು ಮೂಗು ಮುರಿದರೂ ವಿಜಯನಗರ ಕಾಲದ ಮಾಧವಾಚಾರ್ಯರು ಪರಾಶರ ಸ್ಮೃತಿಯ ಮೇಲಿನ ತಮ್ಮ ವ್ಯಾಖ್ಯಾನದಲ್ಲಿ ಮಾವನ ಮಗಳ ಮದುವೆಯನ್ನು ಎತ್ತಿಹಿಡಿದರು. ಇತ್ತ 1955ರ ಹಿಂದೂ ವಿವಾಹ ಕಾಯ್ದೆ ಸೋದರಮಾವ ಮತ್ತು ಸೊಸೆಯ ಸಂಬಂಧವನ್ನು ನಿಷಿದ್ಧ ಎಂದು ಬರೆದು, ರೂಢಿ ಇದ್ದಲ್ಲಿ ನಡೆಯಲಿ ಎಂದು ಬಾಗಿಲನ್ನೂ ತೆರೆದಿಟ್ಟಿತು. ನಮ್ಮ ಓಣಿಯ ಮುಸ್ಲಿಂ ಮನೆಗಳಲ್ಲಿ ಲೆಕ್ಕ ಬೇರೆ: ಚಿಕ್ಕಪ್ಪ, ದೊಡ್ಡಪ್ಪನ ಮಕ್ಕಳು ನಡೆಯುತ್ತದೆ, ಅಕ್ಕನ ಮಗಳು ಸುತರಾಂ ಇಲ್ಲ. ಲಿಂಗಾಯತರ ಮನೆಯಲ್ಲಿ ಅಕ್ಕನ ಮಗಳು ನಡೆಯುತ್ತದೆ, ಚಿಕ್ಕಪ್ಪನ ಮಗಳು ಎಂದರೆ ತಂಗಿ. ಯಾರಿಗೆ ಯಾರು ವರ್ಜ್ಯ ಎಂಬುದನ್ನು ಕುಲ ಗೊತ್ತು ಮಾಡಿತ್ತು, ರೋಗ ಅಲ್ಲ.

ಯಾಕೆ ಹೀಗೆ ಎಂದು ಕೇಳಿದರೆ ಹಿರಿಯರು ಒಂದೇ ಉಸಿರಿಗೆ ಹೇಳುತ್ತಿದ್ದರು: "ಹೊಲ ಹೊರಗ ಹೋಗಬಾರದ್ರಿ." ನನಗೆ ಈ ಮಾತು ಪೂರ್ತಿ ನಂಬಿಕೆಯಾಗಿದ್ದಿಲ್ಲ. ಕರ್ನಾಟಕದಲ್ಲಿ ಹೆಣ್ಣುಮಕ್ಕಳಿಗೆ ಪಿತ್ರಾರ್ಜಿತದಲ್ಲಿ ಗಂಡಿನಷ್ಟೇ ಪಾಲು ಎಂಬ ತಿದ್ದುಪಡಿ ಜಾರಿಗೆ ಬಂದದ್ದು 1994ರಲ್ಲಿ, ದೇಶಕ್ಕೆಲ್ಲ ಬಂದದ್ದು 2005ರಲ್ಲಿ. ಅದಕ್ಕೂ ಮೊದಲು ಮಗಳ ಹಿಂದೆ ಹೋಗುವ ಹೊಲ ಎಲ್ಲಿತ್ತು? ಹೋಗುತ್ತಿದ್ದದ್ದು ಬಂಗಾರ, ವರದಕ್ಷಿಣೆ, ಬಾಂಡೆ ಸಾಮಾನು. ಮಳೆ ಕೈಕೊಟ್ಟ ವರ್ಷ ತಮ್ಮನಿಗೇ ಮಗಳನ್ನು ಕೊಟ್ಟರೆ ಆ ಖರ್ಚು ಉಳಿಯಿತು. ಅದಕ್ಕಿಂತ ದೊಡ್ಡದು ತಾಯಿಯ ಸಮಾಧಾನ. ಮಗಳು ಹೋದದ್ದು ತಾಯಿ ಹುಟ್ಟಿದ ಮನೆಗೇ. ಅಲ್ಲಿ ಯಾರೂ ಅವಳನ್ನು ಉಪವಾಸ ಕೆಡವುವುದಿಲ್ಲ, ಸೀಮೆಎಣ್ಣೆ ಸುರಿಯುವುದಿಲ್ಲ. ಈ ರೂಢಿಯನ್ನು ಬರೀ ಅಜ್ಞಾನ ಎಂದು ಕರೆಯುವ ಡಾಕ್ಟರರ ಮೇಲೆ ನನಗೆ ಸಿಟ್ಟು ಬರುತ್ತಿದ್ದದ್ದು ಇದಕ್ಕೇ. ಹೆಣ್ಣಿಗೆ ಬೇರೆ ಭದ್ರತೆ ಇಲ್ಲದ ಕಾಲದಲ್ಲಿ ಇದೇ ಭದ್ರತೆಯಾಗಿತ್ತು.

ಅದರ ಬೆಲೆಯನ್ನು ಕಟ್ಟಿದವಳೂ ಹೆಣ್ಣೇ. ಒಂದು ಮನೆಯಲ್ಲಿ ಹಿರಿಯ ಮಗುವಿಗೆ ಕಿವಿ ಕೇಳದು, ಮಾತು ಬರಲಿಲ್ಲ. ಎರಡನೆಯದೂ ಹಾಗೇ ಆಯಿತು. ಘತ್ತರಗಿ ಭಾಗಮ್ಮನಿಗೆ ಹರಕೆ ಹೊತ್ತರು, ಗಾಣಗಾಪುರಕ್ಕೆ ಹೋಗಿ ಬಂದರು, ಬಂದೇನವಾಜರ ದರ್ಗಾದಲ್ಲಿ ತಾಯತ ಕಟ್ಟಿಸಿದರು. ಕೊನೆಗೆ ಅತ್ತೆ ತೀರ್ಪು ಕೊಟ್ಟಳು: "ಇದು ಅಕಿ ಅಪ್ಪನ ಕಡಿದು. ನಮ್ಮ ವಂಶದಾಗ ಇಂಥಾದು ಇಲ್ಲ." ಸೊಸೆ ಆಕೆಯ ಸ್ವಂತ ಮಗಳ ಮಗಳು, ಮಗ ಆ ಸೊಸೆಯ ಸೋದರಮಾವ. ಗಂಡನ ಮನೆಯೂ ತಾಯಿಯ ತವರೂ ಒಂದೇ ಆದ ಆ ಮನೆಯಲ್ಲಿ ದೋಷವನ್ನು ಹೊರಗೆ ಹಾಕಲು ಉಳಿದ ಕಿಂಡಿ ಅಳಿಯನ ವಂಶ ಒಂದೇ. ಆದರೆ ಇಂಥ ರೋಗ ಕಾಣಿಸಿಕೊಳ್ಳಲು ತಂದೆಯಿಂದ ಒಂದು, ತಾಯಿಯಿಂದ ಒಂದು, ಹೀಗೆ ಒಂದೇ ವಂಶವಾಹಿಯ ಎರಡು ಕೆಟ್ಟ ಪ್ರತಿ ಕೂಡಬೇಕು. ತಂದೆಗೆ ಅದು ಬಂದದ್ದು ಆ ಅತ್ತೆಯಿಂದ, ಇಲ್ಲವೇ ಆಕೆಯ ಗಂಡನಿಂದ. ತಾಯಿಗೂ ಬಹುತೇಕ ಅದೇ ಮೂಲದಿಂದ, ಅವಳ ತಾಯಿಯ ಮೂಲಕ. ಒಂದೇ ಪ್ರತಿ ಇದ್ದವರಿಗೆ ಏನೂ ಆಗುವುದಿಲ್ಲ. ಆದ್ದರಿಂದಲೇ "ನಮ್ಮ ವಂಶದಾಗ ಇಲ್ಲ" ಎಂದು ಆಣೆ ಮಾಡಿ ಹೇಳಲು ಬರುತ್ತದೆ.

ಈ ಗುಟ್ಟು ಮೊದಲು ಹೊಳೆದದ್ದು ಲಂಡನ್ನಿನ ವೈದ್ಯ ಆರ್ಚಿಬಾಲ್ಡ್ ಗ್ಯಾರಡ್‌ಗೆ. ಮೂತ್ರ ಕಪ್ಪಾಗುವ ಆಲ್ಕಾಪ್ಟೊನ್ಯೂರಿಯಾ ಇರುವ ಮಕ್ಕಳ ತಂದೆ ತಾಯಿ ಅನೇಕ ಕಡೆ ಸೋದರಿಕೆಯವರೇ ಎಂದು ಅವರು 1902ರಲ್ಲಿ ಬರೆದರು. ಕರ್ನಾಟಕದಲ್ಲಿ ಇದನ್ನು ದೊಡ್ಡ ಪ್ರಮಾಣದಲ್ಲಿ ನೋಡಿದ್ದು ಭಾರತೀಯ ವಿಜ್ಞಾನ ಸಂಸ್ಥೆಯ ಎನ್. ಅಪ್ಪಾಜಿ ರಾವ್ ಮತ್ತು ಸಂಗಡಿಗರು. 1980ರ ದಶಕದಲ್ಲಿ ಅವರು ನವಜಾತ ಶಿಶುಗಳ ರಕ್ತದ ಹನಿ ತೆಗೆದು ಹುಟ್ಟಿನಿಂದ ಬರುವ ದೋಷಗಳನ್ನು ಹುಡುಕಿದರು; ಎ. ಎಚ್. ಬಿಟಲ್ಸ್ ಜತೆಗೂಡಿ ತಂದೆತಾಯಿಯರ ಸಂಬಂಧವನ್ನೂ ದಾಖಲಿಸಿದರು. ಅವರು ನೋಡಿದ ಮದುವೆಗಳಲ್ಲಿ ಸುಮಾರು ಮೂರಕ್ಕೊಂದು ರಕ್ತಸಂಬಂಧದೊಳಗಿನವು. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲೂ ಕರ್ನಾಟಕದ ಲೆಕ್ಕ ನೂರಕ್ಕೆ ಸುಮಾರು 27, ದೇಶದ್ದು 11. ರೂಢಿ ಸವೆದಿದೆ, ಅಳಿದಿಲ್ಲ.

ಇನ್ನು ಮುತ್ಯಾನ ಮಕ್ಕಳು ಗಟ್ಟಿಮುಟ್ಟಾದದ್ದು ಹೇಗೆ? ಯಾವ ದಂಪತಿಗಾದರೂ ಗಂಭೀರ ಜನ್ಮದೋಷದ ಮಗು ಹುಟ್ಟುವ ಸಂಭವ ನೂರಕ್ಕೆ 2–3. ಸೋದರತ್ತೆ, ಸೋದರಮಾವನ ಮಕ್ಕಳು ಮದುವೆಯಾದರೆ ಅದು ಹೆಚ್ಚುಕಡಿಮೆ ಇಮ್ಮಡಿ. ಸೋದರಮಾವನನ್ನೇ ಆದರೆ ಇನ್ನೂ ಹೆಚ್ಚು, ಏಕೆಂದರೆ ಅವರಿಬ್ಬರ ವಂಶವಾಹಿಯಲ್ಲಿ ಕಾಲು ಭಾಗ ಒಂದೇ. ಅಂದರೆ ಬಹುಪಾಲು ಮಕ್ಕಳು ಆರೋಗ್ಯವಾಗಿಯೇ ಹುಟ್ಟುತ್ತಾರೆ. ಅತ್ತೆ ಕಂಡದ್ದು ಸುಳ್ಳಲ್ಲ. ಆದರೆ ಒಮ್ಮೆ ಗಂಡಹೆಂಡತಿ ಇಬ್ಬರಲ್ಲೂ ಒಂದೇ ಕೆಟ್ಟ ಪ್ರತಿ ಇದೆ ಎಂದು ತಿಳಿದ ಮೇಲೆ ಲೆಕ್ಕ ಬದಲಾಗುತ್ತದೆ: ಪ್ರತಿ ಬಸುರಿಗೂ ನಾಲ್ಕರಲ್ಲೊಂದು ಸಂಭವ. ಮೊದಲ ಮಗುವಿಗೆ ಬಂತು, ಇನ್ನು ಮೂರಕ್ಕೆ ಬರುವುದಿಲ್ಲ ಎಂದು ಲೆಕ್ಕ ಹಾಕಿದವರನ್ನು ನಾನು ನೋಡಿದ್ದೇನೆ. ನೆಟೆ ರೋಗ ಬಂದ ಹೊಲದಲ್ಲಿ ಅದೇ ತೊಗರಿ ಬೀಜ ಬಿತ್ತಿ ಈ ಸಲ ಬರಲಿಕ್ಕಿಲ್ಲ ಎಂದಂತೆ ಅದು.

ಹಾಗಂತ ಎಲ್ಲ ವಂಶದ ರೋಗವನ್ನೂ ಸೋದರಿಕೆಯ ತಲೆಗೆ ಕಟ್ಟುವುದೂ ತಪ್ಪು. ಸಾಗರ ತಾಲ್ಲೂಕಿನ ಹಂದಿಗೋಡಿನಲ್ಲಿ 1970ರ ದಶಕದ ನಡುವೆ ಸೊಂಟ, ಮಂಡಿ ಸವೆದು ಜನ ನೆಲಹಿಡಿದಾಗ ಮೊದಲ ಅನುಮಾನ ಹೋದದ್ದು ಗದ್ದೆಯ ಕೀಟನಾಶಕ ಮತ್ತು ಅಲ್ಲಿನ ಏಡಿ ತಿನ್ನುವುದರ ಮೇಲೆ. ಆಮೇಲಿನ ಅಧ್ಯಯನಗಳು ಅದು ಎರಡು ದಲಿತ ಸಮುದಾಯಗಳ ಕುಟುಂಬಗಳಲ್ಲಿ ಹರಿದುಬಂದ ವಂಶದ ಕಾಯಿಲೆ ಎಂದು ತೋರಿಸಿದವು. ಅಲ್ಲಿ ಒಂದೇ ಪ್ರತಿ ಸಾಕು. ತಂದೆಗೋ ತಾಯಿಗೋ ಇದ್ದರೆ ಮಗುವಿಗೆ ಅರ್ಧಕ್ಕರ್ಧ ಸಂಭವ, ಹೊರಗಿನಿಂದ ಹೆಣ್ಣು ತಂದರೂ ಅಷ್ಟೇ. ರಕ್ತ ಹೆಪ್ಪುಗಟ್ಟದ ಹಿಮೋಫಿಲಿಯಾ ಬಹುಮಟ್ಟಿಗೆ ತಾಯಿಯಿಂದ ಗಂಡುಮಕ್ಕಳಿಗೆ ಬರುತ್ತದೆ. ದಾವಣಗೆರೆಯ ಕರ್ನಾಟಕ ಹಿಮೋಫಿಲಿಯಾ ಸೊಸೈಟಿ ಅಂಥವರಿಗಾಗಿಯೇ ದುಡಿಯುತ್ತಿದೆ. ಡೌನ್ ಸಿಂಡ್ರೋಮ್ ಬಹುಪಾಲು ವಂಶದ್ದೇ ಅಲ್ಲ. ತಾಯಿಯ ವಯಸ್ಸು ಏರಿದಂತೆ ಅದರ ಸಂಭವ ಏರುತ್ತದೆ. ಇನ್ನು ಸಕ್ಕರೆ ಕಾಯಿಲೆ: ಅಪ್ಪನಿಗಿದ್ದರೆ ಮಗಳಿಗೆ ಬರುವ ಸಾಧ್ಯತೆ ಹೆಚ್ಚು, ಆದರೆ ತೂಕ, ಊಟ, ನಡಿಗೆ ಅವಳ ಕೈಯಲ್ಲೇ ಇವೆ.

ಈಗ ದಾರಿಗಳಿವೆ. ಥಲಸೇಮಿಯಾ, ಕುಡಗೋಲು ಕಣ ರಕ್ತಹೀನತೆಯ ವಾಹಕರೇ ಎಂದು ತಿಳಿಯಲು ಒಂದು ರಕ್ತಪರೀಕ್ಷೆ ಸಾಕು. 1994ರ ಪ್ರಸವಪೂರ್ವ ಪರೀಕ್ಷೆಯ ಕಾಯ್ದೆ ಗಂಡೋ ಹೆಣ್ಣೋ ನೋಡುವುದನ್ನು ನಿಷೇಧಿಸಿದ್ದರೂ ವಂಶದ ರೋಗವನ್ನು ಗರ್ಭದಲ್ಲೇ ಪತ್ತೆ ಮಾಡಲು ಅನುಮತಿ ಕೊಡುತ್ತದೆ. ಬೆಂಗಳೂರಿನ ಮಾನವ ತಳಿವಿಜ್ಞಾನ ಕೇಂದ್ರದಂಥ ಕಡೆ ಆಪ್ತಸಲಹೆ ಸಿಗುತ್ತದೆ. ಕಿವುಡು ಎಷ್ಟು ಬೇಗ ಗೊತ್ತಾದರೆ ಮಗುವಿಗೆ ಮಾತು ಕಲಿಸುವುದು ಅಷ್ಟು ಸುಲಭ.

ನಮ್ಮ ಕಡೆ ಸಂಬಂಧ ಕುದುರಿಸುವಾಗ ಬೆಡಗು ಕೇಳುತ್ತೇವೆ, ಹೊಲ ಎಷ್ಟೆಕರೆ ಎಂದು ಕೇಳುತ್ತೇವೆ, ಹುಡುಗನ ಪಗಾರ ಕೇಳುತ್ತೇವೆ. ಇನ್ನೊಂದನ್ನು ಕೇಳಿ: ಮೂರು ತಲೆಮಾರಿನಲ್ಲಿ ಎಳೆಯದರಲ್ಲೇ ತೀರಿದ ಮಕ್ಕಳು, ಕಿವಿ ಕೇಳದವರು, ಮೇಲಿಂದ ಮೇಲೆ ರಕ್ತ ಹಾಕಿಸಿಕೊಂಡವರು ಯಾರಾದರೂ ಇದ್ದರೇ? ಕೇಳಿದವರಿಗೆ ನಿಜ ಹೇಳಿ. ಬರೀ ಸಂಬಂಧ ತಪ್ಪಿಸಲು ಕೇಳುವ ಮಾತಲ್ಲ ಇದು. ಮದುವೆಯಾದವರೂ ಮೊದಲ ಬಸುರಿಗೆ ಮುಂಚೆ ಪರೀಕ್ಷೆ ಮಾಡಿಸಿಕೊಳ್ಳಲು ಬೇಕಾದ ಮಾಹಿತಿ. ಮಗುವಿಗೆ ರೋಗ ಬಂದರೆ ಸೊಸೆಯನ್ನು ದೂರಬೇಡಿ. ಗಂಡನನ್ನೂ ಕರೆದುಕೊಂಡು ಇಬ್ಬರ ರಕ್ತವನ್ನೂ ಪರೀಕ್ಷೆಗೆ ಕೊಡಿ.