ಗಾಯನ ಬೇರ್ಪಡಿಕೆ
ಮಿಶ್ರಣ ಮುಗಿದ ಧ್ವನಿಮುದ್ರಿಕೆಯಿಂದ ಹಾಡುಗಾರರ ದನಿಯನ್ನಷ್ಟೇ ಹೊರತೆಗೆಯುವ ತಂತ್ರ. ಸ್ಟೀರಿಯೊ ಹಾಡುಗಳಲ್ಲಿ ಮುಖ್ಯ ದನಿ ಸಾಮಾನ್ಯವಾಗಿ ಎಡ, ಬಲ ಚಾನೆಲ್‌ಗಳೆರಡರಲ್ಲೂ ಸಮನಾಗಿರುತ್ತದೆ. ಹಳೆಯ ಕರೋಕೆ ಯಂತ್ರಗಳು ಒಂದು ಚಾನೆಲ್‌ನಿಂದ ಇನ್ನೊಂದನ್ನು ಕಳೆದು ದನಿಯನ್ನು ಅಳಿಸುತ್ತಿದ್ದವು. ಜೊತೆಗೆ ಬೇಸ್ ಗಿಟಾರೂ ಮಾಯವಾಗಿ, ಹಾಡಿದವರ ದನಿಯ ಮಾರ್ದನಿ ಮಾತ್ರ ದೆವ್ವದಂತೆ ಉಳಿಯುತ್ತಿತ್ತು. ಮೊನೊ ಮುದ್ರಿಕೆಗೆ ಈ ಉಪಾಯ ನಾಟುವುದೇ ಇಲ್ಲ.

ಈಗಿನದು ಯಂತ್ರಕಲಿಕೆಯ ದಾರಿ. ದನಿ, ವಾದ್ಯಗಳು ಬೇರೆಬೇರೆಯಾಗಿ ದೊರೆತ ಹಾಡುಗಳಿಂದ ಕಲಿತ ನರಜಾಲವು ಪ್ರತಿ ಕ್ಷಣದ ಪ್ರತಿ ಆವರ್ತನದಲ್ಲಿ ದನಿಯ ಪಾಲೆಷ್ಟೆಂದು ಅಂದಾಜಿಸುತ್ತದೆ. ಡೀಜರ್ ಕಂಪನಿ 2019ರಲ್ಲಿ ಸ್ಪ್ಲೀಟರ್ ತಂತ್ರಾಂಶವನ್ನು ಮುಕ್ತವಾಗಿ ಬಿಟ್ಟ ಮೇಲೆ ಇದು ಮನೆಮನೆಯ ಕಂಪ್ಯೂಟರಿಗೂ ಬಂತು.

ಪ್ರಸಿದ್ಧ ಉದಾಹರಣೆ ಬೀಟಲ್ಸ್ ತಂಡದ ‘ನೌ ಅಂಡ್ ದೆನ್’. ತಂಡದ ಜಾನ್ ಲೆನನ್ 1970ರ ದಶಕದ ಕೊನೆಯಲ್ಲಿ ಪಿಯಾನೊ ನುಡಿಸುತ್ತ ಮನೆಯಲ್ಲೇ ಕ್ಯಾಸೆಟ್‌ಗೆ ಹಾಡಿಕೊಂಡಿದ್ದ ಹಾಡು ಇದು. ಗುಂಯ್‌ಗುಡುವ ಸದ್ದು, ದನಿಯನ್ನು ಮುಚ್ಚುವ ಪಿಯಾನೊ ಇವುಗಳಿಂದಾಗಿ ಅದನ್ನು ಪೂರ್ಣಗೊಳಿಸುವ 1995ರ ಪ್ರಯತ್ನ ಅರ್ಧಕ್ಕೇ ನಿಂತಿತ್ತು. ನಿರ್ದೇಶಕ ಪೀಟರ್ ಜಾಕ್ಸನ್ ತಂಡದ ತಂತ್ರಾಂಶ ದನಿಯನ್ನು ಬಿಡಿಸಿಕೊಟ್ಟಿತು. ಹಾಡು 2023ರ ನವೆಂಬರ್‌ನಲ್ಲಿ ಬಿಡುಗಡೆಯಾಯಿತು.

ಕರ್ನಾಟಕ ಸಂಗೀತದ ಕಛೇರಿ ಇದಕ್ಕಿಂತ ಕಠಿಣ. ಪಿಟೀಲು ಗಾಯಕರ ಗಮಕವನ್ನೇ ಅದೇ ಶ್ರುತಿಯಲ್ಲಿ ಬೆನ್ನಟ್ಟುವುದರಿಂದ, ಪಾಶ್ಚಾತ್ಯ ಪಾಪ್ ಹಾಡುಗಳಲ್ಲಿ ಪಳಗಿದ ತಂತ್ರಾಂಶ ಎರಡನ್ನೂ ಕಲಸಿಬಿಡುತ್ತದೆ.