ಸಣ್ಣ ಸಹಾಯಧನವೂ ಸಂಸ್ಥೆಗಳ ಕಾರ್ಯಶಕ್ತಿಯೂ: ಕೇಂದ್ರ ಸಮಾಜ ಕಲ್ಯಾಣ ಮಂಡಳಿಯ ಮೊದಲ ವರ್ಷಗಳು

ಸ್ವತಂತ್ರ ಭಾರತದ ಯೋಜನೆಗಳ ಇತಿಹಾಸವನ್ನು ಬರೆಯುವವರ ದೃಷ್ಟಿ ಅಣೆಕಟ್ಟುಗಳ ಕಡೆಗೂ ಉಕ್ಕಿನ ಕಾರ್ಖಾನೆಗಳ ಕಡೆಗೂ ಹರಿಯುವುದು ಸಹಜ. ಮಹಿಳಾ ಸಮಾಜ, ಅನಾಥಾಲಯ, ಶಿಶುವಿಹಾರಗಳಿಗೆ ಸಂದ ಸಣ್ಣ ಸಹಾಯಧನಗಳು ಅಷ್ಟಾಗಿ ಚರ್ಚೆಗೆ ಬಂದಿಲ್ಲ. ಆದರೆ ಒಂದು ಸೇವಾಸಂಸ್ಥೆ ಬೆಳೆಯುವುದು ಹಣದಿಂದಲೋ ಕಾರ್ಯಕರ್ತರಿಂದಲೋ ಎಂಬ ಪ್ರಶ್ನೆಗೆ ಈ ಸಣ್ಣ ಮೊತ್ತಗಳ ಚರಿತ್ರೆಯಲ್ಲಿಯೇ ಉತ್ತರವನ್ನು ಅರಸಬೇಕೆಂದು ನಾವು ಭಾವಿಸುತ್ತೇವೆ.

ಮೊದಲನೆಯ ಪಂಚವಾರ್ಷಿಕ ಯೋಜನೆಯಲ್ಲಿ (1951–56) ಸ್ವಯಂಸೇವಾ ಸಂಸ್ಥೆಗಳ ನೆರವಿಗಾಗಿ 4 ಕೋಟಿ ರೂಪಾಯಿಗಳನ್ನು ತೆಗೆದಿರಿಸಲಾಯಿತು. ಅದನ್ನು ಹಂಚುವ ಹೊಣೆಯನ್ನು 1953ರ ಆಗಸ್ಟ್ ತಿಂಗಳಲ್ಲಿ ಸ್ಥಾಪಿತವಾದ ಕೇಂದ್ರ ಸಮಾಜ ಕಲ್ಯಾಣ ಮಂಡಳಿಗೆ ವಹಿಸಲಾಯಿತು. ದುರ್ಗಾಬಾಯಿ ದೇಶಮುಖ್ ಅವರು ಅದರ ಪ್ರಥಮ ಅಧ್ಯಕ್ಷೆ. ಸರ್ಕಾರದ ಹಣವನ್ನೂ ಜನರ ಸೇವಾಬುದ್ಧಿಯನ್ನೂ ಒಂದುಗೂಡಿಸುವುದು ಮಂಡಳಿಯ ಆಶಯವಾಗಿತ್ತು.

ಇಲ್ಲಿ ಒಂದು ತೊಡಕು ತಲೆದೋರಿತು. ಸಾರ್ವಜನಿಕ ಧನಕ್ಕೆ ಲೆಕ್ಕ ಬೇಕು. ಲೆಕ್ಕವಿಡಲು ಅದನ್ನು ಬಲ್ಲವರು ಬೇಕು. ಅಂಥವರಿದ್ದ ಸಂಸ್ಥೆಗಳು ಬಹುಮಟ್ಟಿಗೆ ಪಟ್ಟಣಗಳಲ್ಲಿದ್ದುವು. ಹಳ್ಳಿಗಳಲ್ಲಿ ನೆರವಿನ ಅಗತ್ಯ ಹೆಚ್ಚಾಗಿದ್ದರೂ ಅದನ್ನು ಪಡೆಯಬಲ್ಲ ಸಂಸ್ಥೆಗಳೇ ವಿರಳವಾಗಿದ್ದುವು. ಆದುದರಿಂದ 1954ರಲ್ಲಿ ಮಂಡಳಿಯು ಗ್ರಾಮಾಂತರ ಪ್ರದೇಶಗಳಿಗಾಗಿ ಕಲ್ಯಾಣ ವಿಸ್ತರಣ ಯೋಜನೆಗಳನ್ನು ಕೈಗೊಂಡಿತು. ಒಂದೊಂದು ಯೋಜನೆಯ ವ್ಯಾಪ್ತಿಗೆ ಸುಮಾರು 25 ಗ್ರಾಮಗಳು ಸೇರಿದ್ದುವು. ಶಿಶುವಿಹಾರ, ತಾಯಿಮಕ್ಕಳ ಆರೈಕೆ, ಅಕ್ಷರಾಭ್ಯಾಸ, ಕೈಕಸಬು ಇವು ಅದರ ಮುಖ್ಯ ಕಾರ್ಯಗಳು.

ಹಣವಿತ್ತು, ಯೋಜನೆಯಿತ್ತು, ಆದರೆ ಗ್ರಾಮಸೇವಿಕೆಯರೂ ಶಿಕ್ಷಕಿಯರೂ ದಾದಿಯರೂ ಸಾಕಷ್ಟು ಸಂಖ್ಯೆಯಲ್ಲಿ ದೊರೆಯಲಿಲ್ಲ. ಅಂತಹ ತರಬೇತಿಗೆ ಸೇರಲು ಬೇಕಾದಷ್ಟು ಓದಿದ ಹೆಂಗಸರೇ ಹಳ್ಳಿಗಳಲ್ಲಿ ಅಪರೂಪವಾಗಿದ್ದರು. 1958ರಲ್ಲಿ ಆರಂಭವಾದ ವಯಸ್ಕ ಮಹಿಳೆಯರ ಸಂಕ್ಷಿಪ್ತ ಶಿಕ್ಷಣಕ್ರಮವು ಈ ಕೊರತೆಗೆ ಕೊಟ್ಟ ಉತ್ತರವಾಗಿತ್ತು. ಓದನ್ನು ನಡುವೆಯೇ ಬಿಟ್ಟ ಹೆಂಗಸರನ್ನು ಎರಡು ವರ್ಷಗಳಲ್ಲಿ ಪರೀಕ್ಷೆಗೆ ಸಿದ್ಧಗೊಳಿಸುವ ಸ್ಥಳೀಯ ಸಂಸ್ಥೆಗಳಿಗೆ ಮಂಡಳಿಯು ಸಹಾಯಧನವನ್ನು ಒದಗಿಸಿತು.

ಈ ಉಪಾಯವು ಕಚೇರಿಯಲ್ಲಿ ಹುಟ್ಟಿದುದಲ್ಲ. ದುರ್ಗಾಬಾಯಿಯವರು ಮದರಾಸಿನಲ್ಲಿ ಹೆಂಗಸರನ್ನು ಬನಾರಸ್ ವಿಶ್ವವಿದ್ಯಾನಿಲಯದ ಮೆಟ್ರಿಕ್ಯುಲೇಷನ್ ಪರೀಕ್ಷೆಗೆ ಅಣಿಗೊಳಿಸುತ್ತಿದ್ದರು. 1937ರಲ್ಲಿ ಅವರು ಕಟ್ಟಿದ ಆಂಧ್ರ ಮಹಿಳಾ ಸಭೆಯು ಬೆಳೆದುದು ಇಂತಹ ಕೆಲಸದಿಂದಲೇ. ಒಂದು ಸಣ್ಣ ಸಂಸ್ಥೆಯ ಅನುಭವವು ಎರಡು ದಶಕಗಳ ತರುವಾಯ ರಾಷ್ಟ್ರದ ಕಾರ್ಯಕ್ರಮವಾದುದನ್ನು ನಾವಿಲ್ಲಿ ಕಾಣುತ್ತೇವೆ.

ಇದರಿಂದ ಒಂದು ಅಂಶ ವಿಶದವಾಗುತ್ತದೆ. ಸಹಾಯಧನದ ಬೆಲೆಯನ್ನು ಅದರ ಮೊತ್ತದಿಂದ ಮಾತ್ರವೇ ಅಳೆಯಲಾಗದು. ಹಣ ವೆಚ್ಚವಾದ ಮೇಲೂ ಕೆಲಸವನ್ನು ಮುಂದುವರಿಸಬಲ್ಲವರು ಆ ಊರಿನಲ್ಲಿ ಉಳಿದರೇ ಎಂಬುದನ್ನೂ ನೋಡಬೇಕು. ಈ ಪ್ರಶ್ನೆಗೆ ಮಂಡಳಿಯ ವರದಿಗಳಷ್ಟೇ ಸಾಲವು. ನಮ್ಮ ಜಿಲ್ಲೆಗಳ ಹಳೆಯ ಮಹಿಳಾ ಸಮಾಜಗಳ ನಡಾವಳಿ ಪುಸ್ತಕಗಳನ್ನೂ ಜಮಾಖರ್ಚಿನ ವಹಿಗಳನ್ನೂ ಗೆದ್ದಲಿಗೆ ಆಹುತಿಯಾಗುವ ಮುನ್ನ ಸಂಗ್ರಹಿಸಬೇಕು. ಸಂಶೋಧನೆಗೆ ತೊಡಗುವ ವಿದ್ಯಾರ್ಥಿಗಳು ಈ ಕಾರ್ಯವನ್ನು ತಮ್ಮ ಊರಿನಿಂದಲೇ ಆರಂಭಿಸಬಹುದು.