ಕಂಟ್ರೋಲ್ (ಚಲನಚಿತ್ರ)

2007ರಲ್ಲಿ ತೆರೆಕಂಡ ಕಪ್ಪು-ಬಿಳುಪು ಜೀವನಚಿತ್ರ. ಇಂಗ್ಲೆಂಡಿನ ಜಾಯ್ ಡಿವಿಷನ್ ರಾಕ್ ತಂಡದ ಗಾಯಕ ಇಯಾನ್ ಕರ್ಟಿಸ್ (1956–1980) ಇದರ ಕಥಾನಾಯಕ. ಹೆಸರಾಂತ ಡಚ್ ಛಾಯಾಗ್ರಾಹಕ ಆಂಟನ್ ಕೊರ್ಬೈನ್ ನಿರ್ದೇಶಿಸಿದ ಮೊದಲ ಕಥಾಚಿತ್ರವಿದು.

ಕರ್ಟಿಸ್ ಬಾಳಿದ್ದು ಮ್ಯಾಂಚೆಸ್ಟರ್‌ಗೆ ಹತ್ತಿರದ, ಹಿಂದೆ ರೇಷ್ಮೆ ಗಿರಣಿಗಳಿಗೆ ಹೆಸರಾಗಿದ್ದ ಮ್ಯಾಕಲ್ಸ್‌ಫೀಲ್ಡ್‌ನಲ್ಲಿ. ಹತ್ತೊಂಬತ್ತಕ್ಕೆ ಮದುವೆ, ಹಗಲು ಉದ್ಯೋಗ ವಿನಿಮಯ ಕಚೇರಿಯ ನೌಕರಿ, ರಾತ್ರಿ ಹಾಡು. ಕಚೇರಿಗೆ ಬರುತ್ತಿದ್ದ ಮೂರ್ಛೆರೋಗದ ಯುವತಿಯೊಬ್ಬಳು ತೀರಿಕೊಂಡಳೆಂಬ ಸುದ್ದಿ ಅವನನ್ನು ಕಲಕಿತು. ‘ಶೀಸ್ ಲಾಸ್ಟ್ ಕಂಟ್ರೋಲ್’ ಹಾಡಿನ ಹಿಂದೆ ಇರುವುದು ಅವಳೇ. ಚಿತ್ರದ ಹೆಸರು ನೆನಪಿಸುವುದೂ ಆ ಹಾಡನ್ನೇ. ಅದೇ ಕಾಯಿಲೆ ಕರ್ಟಿಸ್‌ಗೂ ಇದೆಯೆಂದು 1979ರ ಆರಂಭದಲ್ಲಿ ಗೊತ್ತಾಯಿತು. ನಿದ್ದೆಗೆಟ್ಟ ಪ್ರವಾಸಗಳು, ಕಣ್ಣು ಕುಕ್ಕುವ ವೇದಿಕೆಯ ದೀಪಗಳು, ಮಂಕು ಕವಿಸುವ ಗುಳಿಗೆಗಳು ಒಂದೆಡೆ. ಹೆಂಡತಿ ಡೆಬೊರಾ, ಎಳೆಗೂಸು ಮತ್ತು ಬೆಲ್ಜಿಯಂನ ಗೆಳತಿ ಆನಿಕ್ ಒನೊರೆ ನಡುವೆ ಹರಿದುಹೋದ ಮನಸ್ಸು ಇನ್ನೊಂದೆಡೆ. 1980ರ ಮೇ 18ರಂದು, ತಂಡ ಅಮೆರಿಕಕ್ಕೆ ಹೊರಡಬೇಕಿದ್ದ ಹಿಂದಿನ ದಿನ, 23ರ ಕರ್ಟಿಸ್ ಆತ್ಮಹತ್ಯೆ ಮಾಡಿಕೊಂಡ.

ಈ ಕಥೆಗೆ ಕೊರ್ಬೈನ್ ಹೊರಗಿನವರಲ್ಲ. ಜಾಯ್ ಡಿವಿಷನ್ ಸಂಗೀತದ ಸೆಳೆತಕ್ಕೆ 1979ರಲ್ಲಿ ಊರು ಬಿಟ್ಟು ಇಂಗ್ಲೆಂಡಿಗೆ ಬಂದವರು ಅವರು. ಲಂಡನ್ನಿನ ಲ್ಯಾಂಕಾಸ್ಟರ್ ಗೇಟ್ ಸುರಂಗ ರೈಲು ನಿಲ್ದಾಣದಲ್ಲಿ ಅವರು ತೆಗೆದ ಫೋಟೊ ಪ್ರಸಿದ್ಧ: ತಂಡದ ಮೂವರು ಬೆನ್ನು ಹಾಕಿ ಹೊರಟಿದ್ದಾರೆ, ಕರ್ಟಿಸ್ ಒಬ್ಬನೇ ತಿರುಗಿ ನೋಡುತ್ತಿದ್ದಾನೆ. ಈ ಸಿನಿಮಾ ತೆಗೆಯುವಾಗ ಹಣ ಸಾಲದೆ ಸ್ವಂತ ದುಡ್ಡನ್ನೂ ಸುರಿದರು. ಬಣ್ಣದ ಫಿಲ್ಮಿನಲ್ಲೇ ಚಿತ್ರೀಕರಿಸಿ, ಆಮೇಲೆ ಕಪ್ಪು-ಬಿಳುಪಿಗೆ ಇಳಿಸಿದರು.

ಡೆಬೊರಾ 1995ರಲ್ಲಿ ಬರೆದ ‘ಟಚಿಂಗ್ ಫ್ರಮ್ ಎ ಡಿಸ್ಟೆನ್ಸ್’ ಮ್ಯಾಟ್ ಗ್ರೀನ್‌ಹಾಲ್ಜ್ ಅವರ ಚಿತ್ರಕಥೆಗೆ ಆಧಾರ. ಹಾಗಾಗಿಯೇ ಇಲ್ಲಿ ವೇದಿಕೆಯಷ್ಟೇ ಅಡುಗೆಮನೆಗೂ ಬೆಲೆಯಿದೆ. ರಾಕ್ ಗಾಯಕ ಜಿಮ್ ಮಾರಿಸನ್ ಕುರಿತ ಆಲಿವರ್ ಸ್ಟೋನ್ ಅವರ ‘ದಿ ಡೋರ್ಸ್’ (1991) ತನ್ನ ನಾಯಕನ ಅಮಲನ್ನು ದೇವರ ಉತ್ಸವದಂತೆ ಮೆರೆಸಿತ್ತು; ‘ಕಂಟ್ರೋಲ್’ ಆ ಗೋಜಿಗೆ ಹೋಗುವುದಿಲ್ಲ. ಬಾಡಿಗೆ, ಬಟ್ಟೆ ಒಗೆತ, ಮಗುವಿನ ಅಳು, ಆಸ್ಪತ್ರೆಯ ಚೀಟಿ ಇಂಥವುಗಳ ನಡುವೆಯೇ ಮನುಷ್ಯನೊಬ್ಬ ಕುಸಿಯುವುದನ್ನು ತೋರಿಸುತ್ತದೆ. ಆದರೆ ಪುಸ್ತಕದಲ್ಲಿರುವ ಹೆಂಡತಿಯ ಸಿಟ್ಟು ತೆರೆಯ ಮೇಲೆ ಬಹಳ ತಣ್ಣಗಾಗಿದೆ. ಸಮಂತಾ ಮಾರ್ಟನ್ ಡೆಬೊರಾ ಪಾತ್ರದಲ್ಲಿ ಮಾತಿಲ್ಲದೆಯೇ ಅದನ್ನು ಒಂದಿಷ್ಟು ಮರಳಿ ತಂದಿದ್ದಾರೆ ಅನ್ನಬಹುದು.

ಕರ್ಟಿಸ್ ಆಗಿ ನಟಿಸಿದವರು ಆಗ ಹೆಚ್ಚು ಪರಿಚಿತರಲ್ಲದ ಸ್ಯಾಮ್ ರೈಲಿ. ಕೈಗಳನ್ನು ಬೀಸುತ್ತಾ ಕುಣಿಯುವ ಕರ್ಟಿಸ್‌ನ ವಿಚಿತ್ರ ನೃತ್ಯ ಎಲ್ಲಿ ಮುಗಿದು ಮೂರ್ಛೆ ಎಲ್ಲಿ ಶುರುವಾಗುತ್ತದೆಂದು ತಿಳಿಯದ ಹಾಗೆ ಅವರು ಅಭಿನಯಿಸಿದ್ದಾರೆ. ವೇದಿಕೆಯ ದೃಶ್ಯಗಳಲ್ಲಿ ಹಾಡಿ ನುಡಿಸಿರುವುದೂ ನಟರೇ.

ಚಿತ್ರ 2007ರ ಮೇ ತಿಂಗಳಲ್ಲಿ ಕಾನ್ ಚಿತ್ರೋತ್ಸವದ ‘ಡೈರೆಕ್ಟರ್ಸ್ ಫೋರ್ಟ್‌ನೈಟ್’ ವಿಭಾಗದಲ್ಲಿ ಮೊದಲು ಪ್ರದರ್ಶನಗೊಂಡಿತು. ಜಾಯ್ ಡಿವಿಷನ್ ಧ್ವನಿಮುದ್ರಿಕೆಗಳನ್ನು ಹೊರತಂದಿದ್ದ ಫ್ಯಾಕ್ಟರಿ ರೆಕಾರ್ಡ್ಸ್‌ನ ಟೋನಿ ವಿಲ್ಸನ್ ಬ್ರಿಟನ್ನಿನ ಬಿಡುಗಡೆಗೂ ಮುನ್ನ, ಆಗಸ್ಟ್‌ನಲ್ಲಿ ತೀರಿಕೊಂಡರು. ಚಿತ್ರಕ್ಕೆ ಬ್ರಿಟಿಷ್ ಇಂಡಿಪೆಂಡೆಂಟ್ ಫಿಲ್ಮ್ ಅವಾರ್ಡ್ಸ್‌ನಲ್ಲಿ ಅತ್ಯುತ್ತಮ ಚಿತ್ರ ಸೇರಿ ಐದು ಪ್ರಶಸ್ತಿಗಳು ಬಂದವು. ಅದೇ ವರ್ಷ ಗ್ರ್ಯಾಂಟ್ ಗೀ ನಿರ್ದೇಶನದ ‘ಜಾಯ್ ಡಿವಿಷನ್’ ಸಾಕ್ಷ್ಯಚಿತ್ರವೂ ಹೊರಬಂತು. ಆನಿಕ್ ಒನೊರೆ ಅದರಲ್ಲಿ ಕ್ಯಾಮೆರಾದ ಮುಂದೆ ಕುಳಿತು ತಮ್ಮ ಕಡೆಯ ಕಥೆಯನ್ನು ತಾವೇ ಹೇಳಿದ್ದಾರೆ.